ಘಮಕ್ಕೂ ಒಂದು ಹೊತ್ತಿದೆ

ಪರಿಮಳದ ಟೀ ಪೊಟ್ಟಣಗಳು ಈಗ ದಾವಣಗೆರೆಯ ದೊಡ್ಡ ಅಂಗಡಿಗಳಲ್ಲಿ ಒಂದು ಸಾಲನ್ನೇ ಹಿಡಿದಿವೆ. ಮಲ್ಲಿಗೆಯದು, ನಿಂಬೆಯದು, ಗುಲಾಬಿಯದು, ತುಳಸಿ-ಶುಂಠಿಯದು, ಬರ್ಗಮಾಟ್ ಎಂಬ ಇಟಲಿ ಕಡೆಯ ಹಣ್ಣಿನ ಸಿಪ್ಪೆಯೆಣ್ಣೆ ಬೆರೆಸಿದ ಅರ್ಲ್ ಗ್ರೇ. ಆಸೆಪಟ್ಟು ಮನೆಗೆ ತಂದು ಮುಚ್ಚಳ ತೆಗೆದರೆ ಅಡುಗೆಮನೆ ತುಂಬ ಘಮ. ಎಂದಿನಂತೆ ನೀರು, ಹಾಲು, ಸಕ್ಕರೆ, ಪುಡಿ ಎಲ್ಲವನ್ನೂ ಒಟ್ಟಿಗೆ ಒಲೆ ಮೇಲಿಟ್ಟು ಮೂರು ಉಕ್ಕು ಬರಿಸಿ ಸೋಸುತ್ತಾರೆ. ಲೋಟದಲ್ಲಿ ಆ ಘಮ ಇಲ್ಲ, ಇರುವುದು ಬರೀ ಒಗರು. ‘ದುಡ್ಡು ದಂಡ ಆತು ನೋಡ್ರಿ’ ಎನ್ನುವ ಮಾತನ್ನು ಪಿ.ಜೆ. ಬಡಾವಣೆಯಿಂದ ಹಿಡಿದು ಹರಿಹರದ ತನಕ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಬಹಳ ಸಲ ಅದು ಪೊಟ್ಟಣದ ದೋಷವಲ್ಲ. ಘಮ ಎಂದರೆ ಹಾರಿಹೋಗುವ ವಸ್ತು. ಅದು ಅಡುಗೆಮನೆ ತುಂಬ ಹರಡಿತು ಎಂದರೆ ಲೋಟದಿಂದ ಹೋಯಿತು ಎಂದೇ ಅರ್ಥ.

ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಅಣಬೆ ಸಾರಿನಲ್ಲಿ ಸಿಗುವಂಥ ತುಂಬು ರುಚಿ, ಅಷ್ಟೇ. ಏಲಕ್ಕಿ, ಮಲ್ಲಿಗೆ, ನಿಂಬೆಸಿಪ್ಪೆ ಇವೆಲ್ಲ ಮೂಗಿನ ಪಾಲು. ಮೂಗು ಹಿಡಿದುಕೊಂಡು ಏಲಕ್ಕಿ ಟೀಯ ಒಂದು ಗುಟುಕು ಕುಡಿದು ನೋಡಿ, ಬಿಸಿ, ಸಿಹಿ, ಒಗರು ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಗುಟುಕು ಗಂಟಲಿಗಿಳಿದ ಮೇಲೆ ಮೂಗು ಬಿಟ್ಟರೆ ಬಾಯಿಯ ಹಿಂದಿನಿಂದ ಆವಿ ಮೂಗಿಗೇರಿ ಏಲಕ್ಕಿ ತಟ್ಟನೆ ಎದ್ದು ಬರುತ್ತದೆ. ಹಾಗಾಗಿ ಪರಿಮಳದ ಟೀ ಮಾಡುವವರ ಮುಂದಿರುವ ಕೆಲಸ ಒಂದೇ: ಆವಿಯಾಗಿ ಹೋಗಬೇಕೆಂದೇ ಹುಟ್ಟಿದ ವಸ್ತುವನ್ನು ಕುಡಿಯುವ ಗಳಿಗೆಯವರೆಗೆ ಹಿಡಿದಿಟ್ಟುಕೊಳ್ಳುವುದು. ಅದಕ್ಕೆ ದುಬಾರಿ ಡಬ್ಬಿಗಿಂತ ಯಾವುದು ಯಾವಾಗ ಸೇರಬೇಕು ಎಂಬ ತಿಳಿವಳಿಕೆ ಮುಖ್ಯ.

ಪರಿಮಳದ ಟೀ ನಮಗೇನೂ ಹೊಸದಲ್ಲ. ಶುಂಠಿ ಜಜ್ಜಿ, ಏಲಕ್ಕಿ ಕುಟ್ಟಿ ಹಾಕಿದ ಟೀ ಎಂದರೆ ಪರಿಮಳ ಕೂಡಿಸಿದ ಟೀಯೇ. ಅದಕ್ಕೊಂದು ಚರಿತ್ರೆಯೂ ಇದೆ. ಅಸ್ಸಾಮಿನ ತೋಟಗಳು ಬೆಳೆದು ನಿಂತ ಎಷ್ಟೋ ವರ್ಷಗಳವರೆಗೂ ಭಾರತೀಯರಲ್ಲಿ ಹೆಚ್ಚಿನವರು ಟೀ ಕುಡಿಯುತ್ತಿರಲಿಲ್ಲ, ಬೆಳೆದದ್ದರಲ್ಲಿ ಬಹುಪಾಲು ಹಡಗು ಹತ್ತುತ್ತಿತ್ತು. ಮೊದಲ ಮಹಾಯುದ್ಧದ ಕಾಲಕ್ಕೆ ತೋಟದ ಮಾಲೀಕರ ಸಂಘವಾದ ಇಂಡಿಯನ್ ಟೀ ಅಸೋಸಿಯೇಷನ್ ಕಾರ್ಖಾನೆ, ಕಲ್ಲಿದ್ದಲು ಗಣಿ, ಹತ್ತಿ ಗಿರಣಿಗಳಲ್ಲಿ ಟೀ ಅಂಗಡಿ ಇಡಿಸಿತು; ಕೂಲಿಗಾರರಿಗೆ ಟೀ ವಿರಾಮ ಕೊಡಿ ಎಂದು ಮಾಲೀಕರನ್ನು ಒಪ್ಪಿಸಿತು. ರೈಲು ನಿಲ್ದಾಣಗಳಲ್ಲಿ ಟೀ ಮಾರುವವರು ಹುಟ್ಟಿಕೊಂಡರು. ಆದರೆ ಮಾರುವವರು ಸಂಘ ಹೇಳಿಕೊಟ್ಟಂತೆ ಮಾಡಲಿಲ್ಲ. ಹಾಲು ಜಾಸ್ತಿ, ಸಕ್ಕರೆ ಜಾಸ್ತಿ, ಮೇಲೆ ಶುಂಠಿ, ಏಲಕ್ಕಿ. ಮಸಾಲೆ ಬಿದ್ದರೆ ಪುಡಿ ಕಡಿಮೆ ಸಾಕು. ಪುಡಿ ಮಾರುವ ಸಂಘಕ್ಕೆ ಅದು ಇಷ್ಟವಾಗಲಿಲ್ಲ. ಗೆದ್ದದ್ದು ಟೀ ಅಂಗಡಿಯವರೇ. ಹತ್ತಿ ಗಿರಣಿಗಳ ಪಾಳಿ ಹಿಡಿದು ದಿನ ಎಣಿಸಿದ ದಾವಣಗೆರೆಗೆ, 1941ರಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಸೈರನ್ ಕೇಳಿದ ಹರಿಹರಕ್ಕೆ ಈ ಕುದಿಸಿದ ಖಡಕ್ ಟೀ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ದುಡಿಯುವವರ ಹೊಟ್ಟೆಗೆ ಅದು ಅರ್ಧ ತಿಂಡಿ. ಅದನ್ನು ಕೀಳೆಂದು ನೋಡಿ ಟೀ ಬ್ಯಾಗನ್ನು ನಾಜೂಕೆಂದು ನೋಡುವವರ ಜೊತೆ ನನಗೆ ಸಹಮತವಿಲ್ಲ. ಎರಡರ ಜಾತಿ ಬೇರೆ, ಮಾಡುವ ಬಗೆ ಬೇರೆ. ಒಂದರ ಬಗೆಯನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಎರಡೂ ಕೆಡುವುದು.

ಜಾತಿ ಬೇರೆ ಎಂದೆ. ನಮ್ಮ ಮನೆಗಳ ಸಣ್ಣ ಕಾಳಿನಂಥ ಪುಡಿ ಸಿಟಿಸಿ, 1930ರ ಸುಮಾರಿಗೆ ಅಸ್ಸಾಮಿನಲ್ಲಿ ಬಂದ ಯಂತ್ರದ ಫಲ. ಹಲ್ಲಿನ ಉರುಳೆಗಳ ನಡುವೆ ಎಲೆಯನ್ನು ಅರೆದು, ಹರಿದು, ಸುರುಳಿ ಮಾಡುವುದರಿಂದ ರಸವೆಲ್ಲ ಹೊರಗೆ ಬಂದು ಗಾಳಿಗೆ ಕಪ್ಪಾಗುತ್ತದೆ. ಬಣ್ಣ ಬೇಗ ಬಿಡುತ್ತದೆ, ಒಗರು ಗಟ್ಟಿ. ಅದಕ್ಕಿಂತ ಸಣ್ಣದ್ದು ಡಸ್ಟ್, ಹೋಟೆಲಿನವರ ನೆಚ್ಚಿನದು. ಎಲೆಯನ್ನು ಹೊಸಕಿ ಉದ್ದಕ್ಕೇ ಒಣಗಿಸಿದ್ದು ಎಲೆ ಟೀ. ವ್ಯಾಪಾರದಲ್ಲಿ ಆರ್ಥೊಡಾಕ್ಸ್ ಎನ್ನುತ್ತಾರೆ. ಡಾರ್ಜಿಲಿಂಗ್, ನೀಲಗಿರಿಯ ಒಳ್ಳೆಯ ಟೀಗಳು ಈ ಬಗೆಯವು. ಕಾಫಿ ನಾಡೆನಿಸಿದ ಕರ್ನಾಟಕವೂ ಚಿಕ್ಕಮಗಳೂರಿನ ಕೆಳಗೂರು, ಕೊಡಗಿನ ಗ್ಲೆನ್‌ಲೋರ್ನಾ ತೋಟಗಳ ಕಾರಣಕ್ಕೆ ಟೀ ಬೆಳೆಯುವ ರಾಜ್ಯಗಳ ಪಟ್ಟಿಯಲ್ಲಿದೆ.

ಟೀಯ ಒಗರು ಪಾಲಿಫಿನಾಲ್ ಎಂಬ ವಸ್ತುಗಳಿಂದ ಬರುತ್ತದೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಡಿಕೆ ಬೇಯಿಸುವ ಚೊಗರಿನಲ್ಲಿರುವುದೂ ಇದೇ ಕುಲದ ವಸ್ತು. ಹಾಲಿನ ಕೇಸಿನ್ ಎಂಬ ಪ್ರೋಟೀನು ಈ ಪಾಲಿಫಿನಾಲನ್ನು ಹಿಡಿದು ಕಟ್ಟಿಹಾಕುತ್ತದೆ. ಅದಕ್ಕೇ ಹಾಲು ಬಿದ್ದೊಡನೆ ಒಗರು ತಗ್ಗುವುದು. ಹಾಲಿನ ಕೊಬ್ಬಿಗೆ ಇನ್ನೊಂದು ಗುಣ, ಎಣ್ಣೆಯಲ್ಲಿ ಕರಗುವ ಮಸಾಲೆಯ ಸಾರವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಶುಂಠಿ, ಏಲಕ್ಕಿ, ಲವಂಗಗಳ ಗಟ್ಟಿ ಘಮ ಹಾಲಿನೊಳಗೂ ಎದ್ದು ನಿಲ್ಲುತ್ತದೆ. ಹೂವಿನ ನವಿರು ಕಂಪು ಅದೇ ಹಾಲಿನಲ್ಲಿ ಮುಳುಗಿ ಕಾಣೆಯಾಗುತ್ತದೆ. ಮಸಾಲೆಗೆ ಹಾಲು, ಹೂವಿಗೂ ಹಣ್ಣಿನ ಸಿಪ್ಪೆಗೂ ಬರೀ ನೀರು. ಇಷ್ಟು ತಿಳಿದರೆ ತಂದ ಪೊಟ್ಟಣಗಳಲ್ಲಿ ಅರ್ಧದಷ್ಟಾದರೂ ದಂಡವಾಗುವುದಿಲ್ಲ.

ಇನ್ನು ನೀರು. ಟೀ ಎಂದರೆ ಹೆಚ್ಚಿನ ಪಾಲು ನೀರೇ ಆದರೂ ನಾವು ಪುಡಿಯ ಬಗ್ಗೆ ಮಾತಾಡಿದಷ್ಟು ನೀರಿನ ಬಗ್ಗೆ ಆಡುವುದಿಲ್ಲ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಸೇರಿ ಹರಿಹರಕ್ಕೆ ಬರುತ್ತವೆ, ಇಲ್ಲಿ ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳವೂ ಕೂಡಿಕೊಳ್ಳುತ್ತದೆ. ಹರಿಹರದ ನಲ್ಲಿಗೆ ಹೊಳೆಯ ನೀರು. ದಾವಣಗೆರೆಗೂ ಹರಿಹರದ ಪಕ್ಕದ ರಾಜನಹಳ್ಳಿಯಿಂದ ಹೊಳೆ ನೀರು ಬರುತ್ತದೆ. ಅದರ ಜೊತೆಗೆ ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳ ನೀರು. ನಲ್ಲಿ ಬರದ ದಿನ ಎಷ್ಟೋ ಬಡಾವಣೆಗಳಿಗೆ ಬೋರ್‌ವೆಲ್ಲೇ ಗತಿ. ಬಯಲುಸೀಮೆಯ ಬೋರಿನ ನೀರು ಗಡಸು. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರುವುದನ್ನು ಎಲ್ಲರೂ ಕಂಡಿದ್ದೇವೆ.

ಆ ಗಡಸು ನೀರಿನಲ್ಲಿ ಹಾಲಿಲ್ಲದ ಟೀ ಮಾಡಿ ಐದು ನಿಮಿಷ ಬಿಡಿ. ಮೇಲೆ ತೆಳ್ಳನೆಯ, ಎಣ್ಣೆ ಹರಡಿದಂತೆ ಮಿನುಗುವ ಕೆನೆ ಕಟ್ಟುತ್ತದೆ. ಚಮಚ ಆಡಿಸಿದರೆ ಒಡೆದು ಲೋಟದ ಅಂಚಿಗೆ ಕಂದು ಗೆರೆಯಾಗಿ ಅಂಟುತ್ತದೆ. ಪುಡಿ ಕಲಬೆರಕೆ ಎಂದು ಹಲವರು ಅಂಗಡಿಯವರನ್ನು ದೂರುತ್ತಾರೆ. 1993ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕೆಲ್ ಸ್ಪೈರೊ ಮತ್ತು ಡಿಯೊಗ್ರೇಷಿಯಸ್ ಜಗಾನ್ಯಿ ಈ ಕೆನೆಯ ಗುಟ್ಟನ್ನು ‘ನೇಚರ್’ ಪತ್ರಿಕೆಯಲ್ಲಿ ಬಿಡಿಸಿದರು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಸೇರಿ, ಗಾಳಿಯ ಆಮ್ಲಜನಕದ ಒತ್ತಾಸೆಯಲ್ಲಿ, ಟೀಯ ಪಾಲಿಫಿನಾಲುಗಳನ್ನು ಮೇಲ್ಮೈಯಲ್ಲಿ ಪದರವಾಗಿ ಕಟ್ಟುತ್ತವೆ. ನಾಲ್ಕು ಹನಿ ನಿಂಬೆರಸ ಬಿದ್ದರೆ ಪದರ ಕಟ್ಟುವುದಿಲ್ಲ. ಬಣ್ಣವೂ ಹಾಗೆಯೇ: ಗಡಸು ನೀರಿನಲ್ಲಿ ಟೀ ಕಪ್ಪಗೆ ಮಂಕಾಗುತ್ತದೆ, ನಿಂಬೆ ಬಿದ್ದೊಡನೆ ತಿಳಿಯಾಗಿ ಜೇನುಬಣ್ಣಕ್ಕೆ ತಿರುಗುತ್ತದೆ.

ಒಂದೇ ಪುಡಿಯನ್ನು ಎರಡು ಪಾತ್ರೆಯಲ್ಲಿ, ಒಂದು ಬೋರಿನ ನೀರಿನಲ್ಲಿ, ಇನ್ನೊಂದು ಹೊಳೆಯ ನೀರಿನಲ್ಲಿ ಅಥವಾ ಓಣಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರಿನಲ್ಲಿ ಮಾಡಿ ಪಕ್ಕಪಕ್ಕ ಇಟ್ಟು ಕುಡಿದು ನೋಡಬೇಕು. ಬೇರೆ ಬೇರೆ ಕಂಪನಿಯ ಪುಡಿ ಎನ್ನಿಸುವಷ್ಟು ವ್ಯತ್ಯಾಸ. ಹಾಲಿನ ಟೀಯಲ್ಲಿ ಇದು ಹೇಗೋ ಮುಚ್ಚಿಹೋಗುತ್ತದೆ. ಹೂವಿನ ಟೀಗೆ ಮಾತ್ರ ಬೋರಿನ ನೀರು ಬೇಡವೇ ಬೇಡ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆಯಿದ್ದರೆ ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿ ತೆಳು ಬಟ್ಟೆ ಮುಚ್ಚಿ ಇಟ್ಟು ಬೆಳಿಗ್ಗೆ ಬಳಸಬಹುದು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವ ದಿನಗಳಲ್ಲಿ ಎರಡೂ ಊರಿನ ಟೀ ಸ್ವಲ್ಪ ಬದಲಾಗುವುದನ್ನು ಗಮನಿಸುವವರು ಇದ್ದಾರೆ. ಅವರ ಮೂಗನ್ನು ನಾನು ನಂಬುತ್ತೇನೆ.

ರುಚಿ ನೋಡುವುದಕ್ಕೆ ಒಂದು ಕ್ರಮವಿದೆ. ಟೀ ಹರಾಜಿಗೆ ಮುಂಚೆ ಪರಿಣತರು ಕುಡಿದು ನೋಡುವ ಪದ್ಧತಿಯನ್ನು ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡವಾಗಿ 1980ರಲ್ಲಿ ಬರೆದಿಟ್ಟರು. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಟೀ, ಆಗತಾನೆ ಕುದಿದ ನೀರು, ಮುಚ್ಚಿ 6 ನಿಮಿಷ. ಒಳ್ಳೆಯ ಟೀ ಮಾಡುವುದು ಹೀಗೆ ಎಂದು ಅದು ಹೇಳುವುದಿಲ್ಲ. ಒಂದನ್ನು ಇನ್ನೊಂದಕ್ಕೆ ಹೋಲಿಸುವುದು ಹೀಗೆ ಎಂದು ಹೇಳುತ್ತದೆ. 6 ನಿಮಿಷಕ್ಕೆ ಟೀಯ ಒಗರು, ಕಹಿ, ದೋಷ ಎಲ್ಲ ಹೊರಗೆ ಬರುತ್ತವೆ. ಮನೆಯಲ್ಲಿ ಇಷ್ಟು ಮಾಡಿದರೆ ಸಾಕು: ಒಂದೇ ಅಳತೆಯ ಎರಡು ಮೂರು ಬಿಳಿ ಪಿಂಗಾಣಿ ಕಪ್ಪು, ಮುಚ್ಚಲು ತಟ್ಟೆ. ಸ್ಟೀಲ್ ಲೋಟದಲ್ಲಿ ಬಣ್ಣ ತಿಳಿಯುವುದಿಲ್ಲ. ಮೊದಲು ಏನೂ ಬೆರೆಸದ ಸಾದಾ ಟೀಯನ್ನೇ ನೋಡಬೇಕು. ಸಾದಾ ಟೀಯ ಗುಣ ತಿಳಿಯದೆ ಪರಿಮಳ ಸೇರಿಸಿದರೆ ಯಾವುದು ಎಲೆಯದು, ಯಾವುದು ಹೂವಿನದು ಎಂದು ಬೇರ್ಪಡಿಸಲಾಗದು.

ಮುಚ್ಚಿದ ತಟ್ಟೆಯನ್ನು ಎತ್ತಿದೊಡನೆ ಅದರ ಒಳಮೈಯನ್ನೇ ಮೂಸಿ ನೋಡಿ. ಬೆವರಿದ ಆ ತಟ್ಟೆಯಲ್ಲಿ ಇರುವಷ್ಟು ಘಮ ಕಪ್ಪಿನಲ್ಲೂ ಇರುವುದಿಲ್ಲ. ಆಮೇಲೆ ಸೋಸಿ ಉಳಿದ ಒದ್ದೆ ಎಲೆ. ಆಮೇಲೆ ಟೀ. ಪರಿಣತರು ಚಮಚದಿಂದ ಸೊರ್ ಎಂದು ಸದ್ದು ಮಾಡಿ ಎಳೆದುಕೊಳ್ಳುತ್ತಾರೆ, ಗಾಳಿ ಬೆರೆತು ಹನಿಗಳು ಬಾಯಿತುಂಬ ಹರಡಿ ಆವಿ ಮೂಗಿಗೇರಲಿ ಎಂದು. ನಮ್ಮ ಹಿರಿಯರು ಬಸಿಗೆ ಸುರಿದುಕೊಂಡು ಸೊರ್ ಎಂದು ಕುಡಿಯುವಾಗ ಮಕ್ಕಳು ನಾಚಿಕೊಳ್ಳುವುದುಂಟು. ನಾಚುವಂಥದ್ದೇನಿಲ್ಲ. ಬಸಿಯ ಅಗಲದಲ್ಲಿ ಟೀ ಬೇಗ ಆರುತ್ತದೆ, ಘಮ ಮುಖಕ್ಕೇ ಬರುತ್ತದೆ. ಸುಡುಸುಡು ಇರುವಾಗ ನಾಲಿಗೆಗೆ ರುಚಿ ಸರಿಯಾಗಿ ತಿಳಿಯುವುದೂ ಇಲ್ಲ. ರುಚಿ ನೋಡುವ ಕೆಲಸಕ್ಕೆ ಬಸಿ ಬಹಳ ಒಳ್ಳೆಯ ಪಾತ್ರೆ.

ಈಗ ಮಸಾಲೆಗೆ ಬರೋಣ. ಹರಿಹರದಲ್ಲಿ ಟೀ ಅಂಗಡಿಯ ಅಣ್ಣ ಒಬ್ಬರು ಶುಂಠಿ ಜಜ್ಜುತ್ತಾ ಹೇಳಿದ ಮಾತು ನೆನಪಿದೆ: ‘ಶುಂಠಿ ಮೊದ್ಲು ನೀರಾಗ ಬೇಯ್ಬೇಕು ನೋಡ್ರಿ, ಆಮ್ಯಾಲೆ ಹಾಲು. ಹಸೀದು ಹಾಲಿಗೆ ಬಿತ್ತಂದ್ರೆ ಹಾಲು ಒಡದ್ಹೋಗ್ತೈತಿ.’ ರಸಾಯನಶಾಸ್ತ್ರ ಹೇಳುವುದೂ ಅದನ್ನೇ. ಹಸಿ ಶುಂಠಿಯಲ್ಲಿ ಜಿಂಜಿಬೇನ್ ಎಂಬ ಕಿಣ್ವವಿದೆ, ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ನೀರಿನಲ್ಲಿ ಚೆನ್ನಾಗಿ ಕುದ್ದರೆ ಕಿಣ್ವದ ಆಟ ಮುಗಿಯಿತು. ಶುಂಠಿಯ ಖಾರಕ್ಕೆ ಕುದಿ ಬೇಕು, ಅದು ಬೇಗ ಹಾರುವ ಜಾತಿಯದ್ದಲ್ಲ. ಒಣಶುಂಠಿ ಹಸಿಯದಕ್ಕಿಂತ ಖಾರ. ಒಣಗುವಾಗ ಜಿಂಜರಾಲ್ ಎಂಬುದು ಶೋಗಾಲ್ ಆಗಿ ಬದಲಾಗಿ ಚುರುಕು ಹೆಚ್ಚುತ್ತದೆ. ಹಾಗಾಗಿ ಒಣಶುಂಠಿ ಹಾಕುವವರು ಕೈ ಹಿಡಿದು ಹಾಕಬೇಕು. ಕರಿಮೆಣಸೂ ಇದೇ ಸಾಲಿನದು, ಕುದಿ ತಾಳುತ್ತದೆ.

ಏಲಕ್ಕಿಯ ಸ್ವಭಾವ ತದ್ವಿರುದ್ಧ. ಅದರ ಘಮ ಕುದಿಯಲ್ಲಿ ನಿಲ್ಲುವುದಿಲ್ಲ. ಹರಿಹರದಿಂದ ಹೊಳೆ ದಾಟಿ ಹೆದ್ದಾರಿ ಹಿಡಿದರೆ ರಾಣೆಬೆನ್ನೂರಿನ ಆಚೆ ಸಿಗುವ ಹಾವೇರಿ ಏಲಕ್ಕಿ ಹಾರಕ್ಕೆ ಹೆಸರಾದ ಊರು. ಮಲೆನಾಡಿನ ಏಲಕ್ಕಿ ಅಲ್ಲಿಗೆ ಬಂದು, ಅಂಟವಾಳದ ನೀರಿನಲ್ಲಿ ಮಿಂದು ಬೆಳ್ಳಗಾಗಿ ದೂರದೂರಿಗೆ ಹೋಗುತ್ತಿದ್ದ ಕಾಲವಿತ್ತು. ಹಾರಕ್ಕೆ ಬಿಳಿ ಏಲಕ್ಕಿ ಚಂದ. ಟೀಗೆ ಮಾತ್ರ ಹಸಿರು ಸಿಪ್ಪೆಯದನ್ನೇ ತರಬೇಕು. ತೊಳೆದು ಬಿಳುಪಾಗುವಾಗ ಬಣ್ಣದ ಜೊತೆ ಕಂಪೂ ಸ್ವಲ್ಪ ಹೋಗಿರುತ್ತದೆ. ಕುಟ್ಟಾಣಿಯಲ್ಲಿ ಒಂದು ಚಮಚ ಸಕ್ಕರೆ ಹಾಕಿ ಅದರ ಜೊತೆಗೇ ಏಲಕ್ಕಿ ಕುಟ್ಟಿದರೆ ಹೊರಬಂದ ಎಣ್ಣೆಯನ್ನು ಸಕ್ಕರೆ ಹೀರಿಕೊಳ್ಳುತ್ತದೆ, ಕಲ್ಲಿಗೆ ಅಂಟಿ ದಂಡವಾಗುವುದಿಲ್ಲ. ಟೀ ಕುದ್ದು, ಒಲೆ ಆರಿಸಿ, ಆಗ ಇದನ್ನು ಹಾಕಿ ತಟ್ಟೆ ಮುಚ್ಚಿ ಎರಡು ನಿಮಿಷ ಬಿಡಬೇಕು. ಮೊದಲಿಂದ ಕುದಿಸಿದ ಏಲಕ್ಕಿ ಟೀಗೂ ಇದಕ್ಕೂ ಇರುವ ಅಂತರ ಒಂದು ಸಲ ಕುಡಿದವರಿಗೆ ಮರೆಯುವುದಿಲ್ಲ.

ಬೆಲ್ಲದ ಟೀಯೂ ಹೊತ್ತಿನ ಲೆಕ್ಕವೇ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಅದರಲ್ಲಿನ ಹುಳಿ ಅಂಶಕ್ಕೆ ಹಾಲು ಒಡೆಯುವ ಸಂಭವ ಹೆಚ್ಚು. ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ಹಾಕಿ ಕದಡಿದರೆ ಆಯಿತು.

ಹಿತ್ತಲಿರುವವರ ಮನೆಯಲ್ಲಿ ಮಜ್ಜಿಗೆ ಹುಲ್ಲಿನ ಬುಡವೊಂದು ಇದ್ದೇ ಇರುತ್ತದೆ. ಕಿತ್ತೂರು ಕರ್ನಾಟಕದ ಕಡೆಯಿಂದ ಬಂದವರು ಅದನ್ನೇ ಟೀಗೆ ಹಾಕುತ್ತಾರೆ. ಗರಿಯನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ ನೀರಿಗೆ ಹಾಕಿ ಮೂರು ನಾಲ್ಕು ನಿಮಿಷ ಸಣ್ಣ ಉರಿಯಲ್ಲಿಟ್ಟರೆ ಸಿಟ್ರಾಲ್ ಎಂಬ ನಿಂಬೆಯ ಕಂಪು ಬಿಡುತ್ತದೆ. ಹುಳಿಯಿಲ್ಲದ ನಿಂಬೆಯ ಪರಿಮಳ ಇದಾದ್ದರಿಂದ ಹಾಲು ಹಾಕಿದರೂ ಒಡೆಯುವುದಿಲ್ಲ.

ಅರ್ಲ್ ಗ್ರೇ ಇಷ್ಟಪಡುವವರಿಗೆ ಒಂದು ಮಾತು. ಬರ್ಗಮಾಟ್ ಬಹುಪಾಲು ಇಟಲಿಯ ಕಲಾಬ್ರಿಯಾ ಪ್ರಾಂತದ ಬೆಳೆ, ನಮಗೆ ಸಿಗದು. ನಮ್ಮ ಸಂತೆಗೆ ಬರುವ ಹೇರಳೆಕಾಯಿ, ಗಜನಿಂಬೆ, ಚಳಿಗಾಲದಲ್ಲಿ ಕೊಡಗಿನ ಕಿತ್ತಳೆ ಇವುಗಳ ಸಿಪ್ಪೆಯಲ್ಲೂ ಎಣ್ಣೆಯ ಸಣ್ಣ ಗುಳ್ಳೆಗಳಿವೆ. ಸಿಪ್ಪೆಯನ್ನು ದೀಪದ ಹತ್ತಿರ ಹಿಂಡಿದರೆ ಚಿಟಪಟ ಕಿಡಿ ಹಾರುವುದು ಆ ಎಣ್ಣೆಯಿಂದಲೇ. ಬಣ್ಣದ ಮೇಲ್ಪದರವನ್ನಷ್ಟೇ ತೆಳ್ಳಗೆ ಹೆರೆಯಬೇಕು, ಒಳಗಿನ ಬಿಳಿ ಭಾಗ ಕಹಿ. ಹೆರೆದ ಸಿಪ್ಪೆಯನ್ನು ನೆರಳಿನಲ್ಲಿ ಗರಿಗರಿಯಾಗುವ ತನಕ ಒಣಗಿಸಿ ಎಲೆ ಟೀಯ ಡಬ್ಬಿಯಲ್ಲಿ ವಾರವೆರಡು ವಾರ ಮುಚ್ಚಿಟ್ಟರೆ ಎಲೆಗೇ ಪರಿಮಳ ಹತ್ತುತ್ತದೆ. ಹೇರಳೆಯ ಕಂಪು ಬರ್ಗಮಾಟಿನದ್ದಲ್ಲ, ಬೇರೆಯೇ. ನನಗಂತೂ ಹೇರಳೆಯದೇ ಹೆಚ್ಚು ಮೆಚ್ಚು.

ಎಲೆಗೆ ಪರಿಮಳ ಹತ್ತುವ ಈ ಗುಣವೇ ಪರಿಮಳದ ಟೀಯ ಬೇರು. ಕಾರ್ಖಾನೆಯಿಂದ ಬಂದ ಟೀಯಲ್ಲಿ ನೀರಿನಂಶ ಶೇ 3ರ ಆಸುಪಾಸು. ಅಷ್ಟು ಒಣಗಿದ ಎಲೆ ಸುತ್ತಲಿನ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಸಾಂಬಾರ ಪುಡಿಯ ಪಕ್ಕ ಇಟ್ಟರೆ ಇಂಗಿನ ವಾಸನೆ ಬರುವುದು ಹೀಗೇ. ಸುಲಿದ ಏಲಕ್ಕಿ ಸಿಪ್ಪೆಯನ್ನು ಎಸೆಯದೆ ಟೀ ಪುಡಿ ಡಬ್ಬಿಗೆ ಹಾಕಿಡುವ ಅಮ್ಮಂದಿರು ಇದೇ ಗುಣವನ್ನು ಬಳಸಿಕೊಂಡವರು. ಚೀನಾದ ಫೂಜೌ ಊರಿನವರು ಇದನ್ನೇ ಒಂದು ಕಲೆಯಾಗಿ ಬೆಳೆಸಿದರು. ಹಗಲು ಕೊಯ್ದ ಮಲ್ಲಿಗೆ ಮೊಗ್ಗು ರಾತ್ರಿ ಅರಳುವ ಹೊತ್ತಿಗೆ ಟೀ ಎಲೆಯ ಜೊತೆ ಬೆರೆಸಿ ರಾಶಿ ಹಾಕುತ್ತಾರೆ. ಅರಳುತ್ತಾ ಬಿಟ್ಟ ಕಂಪನ್ನು ಎಲೆ ಕುಡಿಯುತ್ತದೆ. ಬೆಳಿಗ್ಗೆ ಹೂವನ್ನು ಜರಡಿ ಹಿಡಿದು ತೆಗೆದು ಎಲೆಯನ್ನು ಮತ್ತೆ ಒಣಗಿಸುತ್ತಾರೆ. ಉತ್ತಮ ದರ್ಜೆಯ ಟೀಗೆ ಹೊಸ ಹೂವಿನೊಂದಿಗೆ ಹಲವು ರಾತ್ರಿ ಇದೇ ಕೆಲಸ.

ಈ ಕೆಲಸಕ್ಕೆ ಬೇಕಾದ ಹೂವು ನಮ್ಮ ಮಗ್ಗುಲಲ್ಲೇ ಇದೆ. ಹರಪನಹಳ್ಳಿಯ ಆಚೆ, ಇದೇ ತುಂಗಭದ್ರೆಯ ದಂಡೆಯ ತಾಲ್ಲೂಕು ಹೂವಿನ ಹಡಗಲಿ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಹಾಗೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಚೀನಾದವರು ಬಳಸುವುದು ದುಂಡು ಮಲ್ಲಿಗೆಯ ಜಾತಿ, ಸಸ್ಯಶಾಸ್ತ್ರಜ್ಞರ ಜಾಸ್ಮಿನಂ ಸಂಬಾಕ್. ಹಡಗಲಿಯದು ಜಾಸ್ಮಿನಂ ಆರಿಕ್ಯುಲೇಟಂ, ರೈತರ ಬಾಯಲ್ಲಿ ವಾಸನೆ ಮಲ್ಲಿಗೆ. ಮೊಗ್ಗು ಸಣ್ಣದು, ಕಂಪು ಇನ್ನೂ ತೀಕ್ಷ್ಣ. ಇದರಿಂದ ಟೀ ಮಾಡಬಹುದೆಂಬುದು ನಮ್ಮ ಊರುಗಳ ತಲೆಗೆ ಇನ್ನೂ ಸರಿಯಾಗಿ ಹೊಕ್ಕಿಲ್ಲ ಎಂಬುದು ನನ್ನ ಕೊರಗು. ದೇವರಿಗೆ, ಮುಡಿಗೆ, ಮದುವೆಗೆ ಹೋಗುವ ಹೂವು. ಬೆಲೆ ಬಿದ್ದ ದಿನ ಬೆಳೆದವರ ಕೈಗೆ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಅಂಥ ದಿನ ಒಂದು ಪಾಲು ಟೀ ಡಬ್ಬಿಗೆ ಹೋದರೆ ಒಳ್ಳೆಯದಲ್ಲವೇ?

ಮನೆಯಲ್ಲಿ ಮಾಡುವ ಬಗೆ ಹೀಗೆ. 50 ಗ್ರಾಂ ಎಲೆ ಟೀ, ಅಷ್ಟೇ ತೂಕದ ಬಿಡಿ ಮೊಗ್ಗು. ಸಿಟಿಸಿ ಪುಡಿ ಬೇಡ, ಅದರ ಒಗರಿನ ಮುಂದೆ ಹೂವು ನಿಲ್ಲದು. ಮೊಗ್ಗನ್ನು ಪರಿಚಯದವರ ತೋಟದಿಂದಲೋ ಸ್ವಂತ ಬಳ್ಳಿಯಿಂದಲೋ ತರಬೇಕು. ಪೇಟೆಯ ಹೂವಿಗೆ ಔಷಧಿ ಹೊಡೆದಿರಬಹುದು, ಬಾಡದಿರಲಿ ಎಂದು ನೀರು ಚಿಮುಕಿಸಿಯಂತೂ ಇರುತ್ತಾರೆ. ಆ ನೀರು ಟೀಗೆ ವೈರಿ. ಮೊಗ್ಗು ಬಾಯಿ ಬಿಡುವುದಕ್ಕೆ ಸ್ವಲ್ಪ ಮುಂಚೆ, ಸಂಜೆ, ಸ್ಟೀಲ್ ಡಬ್ಬಿಯ ತಳಕ್ಕೆ ಒಂದು ಪದರ ಎಲೆ, ಮೇಲೊಂದು ತೆಳು ಮಲ್ ಬಟ್ಟೆ, ಅದರ ಮೇಲೆ ಮೊಗ್ಗು, ಮತ್ತೆ ಬಟ್ಟೆ, ಮತ್ತೆ ಎಲೆ. ಮುಚ್ಚಿಡಿ. ಬೆಳಿಗ್ಗೆ ತೆಗೆದರೆ ಮೊಗ್ಗೆಲ್ಲ ಅರಳಿ ಕಂದಿರುತ್ತವೆ. ರಾತ್ರಿ ಮುರಿದರೆ ಚಟ್ಟೆನ್ನುತ್ತಿದ್ದ ಎಲೆ ಮೆತ್ತಗಾಗಿ ಬೆರಳಿಗೆ ಬಾಗುತ್ತದೆ. ಹೂವಿನ ಕಂಪಿನ ಜೊತೆ ತೇವವನ್ನೂ ಅದು ಕುಡಿದಿದೆ. ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ದಪ್ಪ ತಳದ ಬಾಣಲೆಯನ್ನು ಬೆಚ್ಚಗೆ ಮಾಡಿ ಒಲೆ ಆರಿಸಿ ಎಲೆ ಹರಡಿ ಕೈಯಾಡಿಸಿದರೆ ಮತ್ತೆ ಚಟ್ಟೆನ್ನುವಂತಾಗುತ್ತದೆ. ಬಾಣಲೆಯಲ್ಲಿ ಕೈ ಇಡಲಾಗದಷ್ಟು ಬಿಸಿಯಾದರೆ ಹಿಡಿದ ಕಂಪೆಲ್ಲ ಹೋಯಿತು. ಹೊಸ ಮೊಗ್ಗಿನೊಂದಿಗೆ ಇನ್ನೊಂದೆರಡು ರಾತ್ರಿ ಇದನ್ನೇ ಮಾಡಿದರೆ ಪರಿಮಳ ಎಲೆಯಲ್ಲಿ ನೆಲೆ ನಿಲ್ಲುತ್ತದೆ. ಒಣಗಿದ ಹೂವನ್ನು ಟೀಯಲ್ಲಿ ಉಳಿಸಬಾರದು. ನೋಡಲು ಅಲಂಕಾರ, ಕುಡಿದರೆ ಕಹಿ.

ಇದನ್ನು ಕುದಿಸಲೇಬಾರದು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಹತ್ತಿರ. ಕಪ್ಪು ಎಲೆಯ ಟೀಗೆ ಕುದಿ ನಿಂತ ನೀರು ಸಾಕು, ಮುಚ್ಚಿ ಮೂರು ನಿಮಿಷ. ಹಸಿರು ಟೀಗೆ ಹೂವು ಕೂಡಿಸಿದ್ದರೆ 80 ಡಿಗ್ರಿ ದಾಟಬಾರದು, ದಾಟಿದರೆ ಕಹಿ ಮೇಲೇಳುತ್ತದೆ. ಥರ್ಮಾಮೀಟರ್ ಬೇಡ, ಕುದಿಯುವ ನೀರು ಮೂರು ಲೋಟ, ಬಿಂದಿಗೆಯ ತಣ್ಣೀರು ಒಂದು ಲೋಟ ಬೆರೆಸಿದರೆ ಹೆಚ್ಚು ಕಡಿಮೆ 80ಕ್ಕೇ ಬಂದು ನಿಲ್ಲುತ್ತದೆ. ಪೇಟೆಯಿಂದ ತಂದ ಮಲ್ಲಿಗೆ ಟೀ, ಗುಲಾಬಿ ಟೀಗಳಿಗೂ ಇದೇ ಅಳತೆ. ಹಾಲಿಲ್ಲ, ಸಕ್ಕರೆ ಬೇಕಾದರೆ ಅರ್ಧ ಚಮಚ.

ಟೀ ಎಲೆಯೇ ಇಲ್ಲದ ಬಗೆಗಳೂ ಇವೆ. ಪುಂಡಿ ಸೊಪ್ಪು ನಮ್ಮ ರೊಟ್ಟಿ ಊಟಕ್ಕೆ ಹೊಸದಲ್ಲ. ಅದರ ಕೆಂಪು ತಳಿಯಲ್ಲಿ ಹೂವುದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ದಪ್ಪ ಕೆಂಪು ಹೊದಿಕೆಯನ್ನು ಒಣಗಿಸಿ ಈಜಿಪ್ಟ್, ಸುಡಾನಿನವರು ಕರ್ಕದೆ ಎಂಬ ಪಾನೀಯ ಮಾಡುತ್ತಾರೆ. ಮಾಣಿಕ್ಯದ ಬಣ್ಣ, ಹುಣಸೆಗಿಂತ ಹಗುರ ಹುಳಿ. ಬೆಲ್ಲ ಹಾಕಿ ತಣ್ಣಗೆ ಕುಡಿದರೆ ಏಪ್ರಿಲ್ ಬಿಸಿಲಿಗೆ ತಕ್ಕದ್ದು. ಶಂಖಪುಷ್ಪದ ನೀಲಿ ಹೂವನ್ನು ಬಿಸಿನೀರಿಗೆ ಹಾಕಿ ನಿಂಬೆ ಹಿಂಡಿದರೆ ನೀಲಿ ನೇರಳೆಯಾಗುತ್ತದೆ. ಮಕ್ಕಳಿಗೆ ಖುಷಿ, ರುಚಿ ಅಷ್ಟಕ್ಕಷ್ಟೇ. ಹೂವೆಂದೊಡನೆ ಎಲ್ಲವನ್ನೂ ಬಿಸಿನೀರಿಗೆ ಹಾಕಬಾರದು. ಕಣಗಿಲೆ ಕಡು ವಿಷ, ಅದರ ಹತ್ತಿರವೂ ಹೋಗುವಂತಿಲ್ಲ.

ಪೊಟ್ಟಣದ ಟೀ ಕೊಳ್ಳುವವರು ಅದರ ಮೇಲಿನ ಸಣ್ಣ ಅಕ್ಷರ ಓದಬೇಕು. ಪರಿಮಳ ಸೇರಿಸಿದ ಟೀ ಎಂದಾದರೆ ಅದನ್ನು ಹಾಗೆಂದೇ ಬರೆದು ಯಾವ ಪರಿಮಳ ಎಂದು ನಮೂದಿಸಬೇಕೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಟೀಗೆ ಹೊರಗಿನ ಬಣ್ಣ ಬೆರೆಸಲು ಅನುಮತಿಯಿಲ್ಲ. ಬಿಡಿಯಾಗಿ ಮಾರುವ ಪುಡಿಯ ಮೇಲೆ ಅನುಮಾನವಿದ್ದರೆ ಒಂದು ಚಿಟಿಕೆಯನ್ನು ಸೋಸು ಕಾಗದದ ಮೇಲೆ ಹರಡಿ ನೀರು ಚಿಮುಕಿಸಿ, ಪುಡಿಯನ್ನು ತೆಗೆದು ಕಾಗದವನ್ನು ತೊಳೆದು ಬೆಳಕಿಗೆ ಹಿಡಿದು ನೋಡಬಹುದು. ಬಣ್ಣ ಬೆರೆಸಿದ್ದರೆ ಕಲೆ ಎದ್ದು ಕಾಣುತ್ತದೆ.

ಬೆಣ್ಣೆದೋಸೆ, ಮಂಡಕ್ಕಿ-ಮಿರ್ಚಿಯ ಊರಿನಲ್ಲಿ ಟೀ ಮಾತು ತಿಂಡಿಯಿಲ್ಲದೆ ಮುಗಿಯದು. ಮಿರ್ಚಿಯ ಖಾರಕ್ಕೆ ಹಾಲಿನ ಟೀ ಸರಿ, ಹಾಲು ಖಾರವನ್ನು ತಣಿಸುತ್ತದೆ. ಬೆಣ್ಣೆದೋಸೆ ತಿಂದು ಬಾಯೆಲ್ಲ ಬೆಣ್ಣೆಯಾದಾಗ ಮತ್ತೆ ಹಾಲಿನ ಟೀ ಭಾರ. ನಿಂಬೆಸಿಪ್ಪೆಯ ಕಪ್ಪು ಟೀ, ಕರಾವಳಿಯ ಬ್ಯಾರಿಗಳ ಮನೆಯ ಸುಲೈಮಾನಿಯ ಥರದ್ದು, ತನ್ನ ಒಗರಿನಿಂದ ಬೆಣ್ಣೆಯ ಜಿಡ್ಡನ್ನು ತೊಳೆದು ನಾಲಿಗೆಯನ್ನು ಹಗುರ ಮಾಡುತ್ತದೆ. ಆದರೆ ಊಟ ಮಾಡಿದ ಕೈಯಲ್ಲೇ ಲೋಟ ಹಿಡಿಯುವುದು ಬೇಡ. ಟೀಯ ಪಾಲಿಫಿನಾಲು ಸೊಪ್ಪು, ಕಾಳುಗಳಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ. ಊಟಕ್ಕೆ ಮುಂಚೆ ಒಂದು ಗಂಟೆ, ಆದ ಮೇಲೆ ಒಂದು ಗಂಟೆ ಟೀ ಕಾಫಿ ಬೇಡವೆಂದು ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿವೆ. ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ಮೀರಬಾರದೆಂದೂ ಹೇಳಿವೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು, ಬಸುರಿಯರು ಈ ಒಂದು ಗಂಟೆಯ ಅಂತರವನ್ನು ಪಾಲಿಸಲೇಬೇಕು. ಸಂಜೆ ನಾಲ್ಕರ ಹೊತ್ತು, ಮಧ್ಯಾಹ್ನದ ಊಟ ಇಳಿದು ರಾತ್ರಿಯ ಅಡುಗೆ ಇನ್ನೂ ಒಲೆಯೇರದ ಆ ಹೊತ್ತು, ಈ ಟೀಗಳ ರುಚಿ ನೋಡಲು ಸರಿಯಾದ ಸಮಯ.